ತೂಕ ಜಾಸ್ತಿ ಇರುವವರೇ ಸಕ್ಕರೆ ಕಡಿಮೆ ತಿನ್ನುತ್ತಾರಾ?

ಪ್ರಶ್ನೆ: ನಮಸ್ಕಾರ. ನಾನು ಬೆಂಗಳೂರಲ್ಲಿ ಎಂಎಸ್‌ಸಿ ನ್ಯೂಟ್ರಿಷನ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಜಯನಗರ, ಬಸವನಗುಡಿ ಕಡೆ 80 ಜನರನ್ನು ಮಾತಾಡಿಸಿ, ನಿನ್ನೆ ಏನೇನು ತಿಂದಿರಿ ಅಂತ ಕೇಳಿ ಬರೆದುಕೊಂಡೆ, ತೂಕ ಎತ್ತರ ಅಳೆದೆ. ಲೆಕ್ಕ ಹಾಕಿದರೆ ತೂಕ ಜಾಸ್ತಿ ಇರುವವರೇ ಸಕ್ಕರೆ ಕಡಿಮೆ ತಿಂದಿದ್ದಾರೆ! ಎಲ್ಲಿ ತಪ್ಪಿದೆ? ಮುಂದಿನ ವಾರ ಗೈಡ್‌ಗೆ ತೋರಿಸಬೇಕು.

ಉತ್ತರ (ಡಯಟೀಷಿಯನ್): ಗಾಬರಿ ಬೇಡ, ಲೆಕ್ಕ ಸರಿಯೇ ಇರಬಹುದು. ಇದು ಎಷ್ಟೋ ಸರ್ವೇಗಳಲ್ಲಿ ಬರುತ್ತದೆ. ತೂಕ ಏರಿದವರಿಗೆ ಡಾಕ್ಟರು, ಮನೆಯವರು ಹೇಳಿ ಹೇಳಿ ಎಷ್ಟೋ ಜನ ಆಗಲೇ ಸಕ್ಕರೆ ಬಿಟ್ಟಿರುತ್ತಾರೆ. ನೀವು ಹೋಗಿದ್ದು ಆಮೇಲೆ, ಅಲ್ವಾ? ಒಂದೇ ಸಲ ಅಳೆದರೆ ಯಾವುದು ಮೊದಲು ಅಂತ ಗೊತ್ತಾಗುವುದಿಲ್ಲ. ಇನ್ನೊಂದು, ತಿಂದದ್ದನ್ನು ಹೆಚ್ಚಿನವರು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತಾರೆ, ತೂಕ ಹೆಚ್ಚಿರುವವರು ಸಾಮಾನ್ಯವಾಗಿ ಇನ್ನೂ ಕಡಿಮೆ ಹೇಳುತ್ತಾರೆ. ದಯವಿಟ್ಟು ಅದನ್ನು ಸುಳ್ಳು ಅಂತ ಬರೆಯಬೇಡಿ. ಸಂಕೋಚ ಇರುತ್ತದೆ, ಮರೆವೂ ಇರುತ್ತದೆ.

ಆದ್ದರಿಂದ ಕೇಳುವ ರೀತಿ ಬದಲಿಸಿ. 'ಸಕ್ಕರೆ ತಿಂತೀರಾ' ಅಂದರೆ 'ಇಲ್ಲಪ್ಪ' ಅಂತಾರೆ. ದಿನಕ್ಕೆ ಎಷ್ಟು ಕಾಫಿ, ಮನೆಯದಾ ದರ್ಶಿನಿಯದಾ, ಚೌಚೌ ಬಾತ್ ತಗೊಂಡರೆ ಕೇಸರಿಬಾತ್ ಪೂರ್ತಿ ತಿಂದಿರಾ, ಜ್ಯೂಸ್ ಕುಡಿದಿರಾ ಅಂತ ಒಂದೊಂದಾಗಿ ಕೇಳಿ. ಒಂದು ದಿನ ಸಾಲದು, ಒಂದು ಭಾನುವಾರವೂ ಸೇರಿ ಮೂರು ದಿನ ಬರೆಸಿ. ತೂಕ ಇಳಿಸಲು ಏನಾದರೂ ಬಿಟ್ಟಿದ್ದೀರಾ ಅನ್ನುವ ಪ್ರಶ್ನೆಯಂತೂ ಬೇಕೇ ಬೇಕು.

ಪ್ರಶ್ನೆ (ಇನ್ನೊಬ್ಬರು): ನಮ್ಮನೇಲಿ ಬೆಲ್ಲ ಮಾತ್ರ. ಅದೂ ಲೆಕ್ಕಕ್ಕೆ ಬರುತ್ತಾ?

ಉತ್ತರ: ಬರುತ್ತದೆ. ಬೆಲ್ಲದಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಕ್ಕರೆಯೇ. ಜೇನು, ಹಣ್ಣಿನ ಜ್ಯೂಸ್ ಕೂಡ ಸೇರಿಸಿ. ಇಡೀ ಹಣ್ಣು, ಹಾಲಿನಲ್ಲಿ ಮೊದಲೇ ಇರುವ ಸಿಹಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಸಕ್ಕರೆ ದಿನದ ಕ್ಯಾಲೊರಿಯಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲೊರಿ ತಿನ್ನುವವರಿಗೆ ಶೇಕಡಾ 5 ಅಂದರೆ 25 ಗ್ರಾಂ, ಆರು ಟೀ ಚಮಚದ ಹತ್ತಿರ.

ಪ್ರಶ್ನೆ (ಮೊದಲಿನವರು): ಹಾಗಾದರೆ ಸಕ್ಕರೆಯಿಂದಲೇ ತೂಕ ಏರುತ್ತದೆ ಅಂತ ಬರೆಯಲಾ?

ಉತ್ತರ: ಬೇಡಮ್ಮ, ಅಷ್ಟು ನೇರವಾಗಿ ಬರೆಯಬೇಡಿ. 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಕ್ಕರೆ ಕಡಿಮೆ ಮಾಡಿದವರ ತೂಕ ಸರಾಸರಿ 0.8 ಕೆಜಿ ಇಳಿದಿತ್ತು. ಆದರೆ ಸಕ್ಕರೆಯ ಬದಲು ಅಷ್ಟೇ ಕ್ಯಾಲೊರಿಯ ಬೇರೆ ಕಾರ್ಬೋಹೈಡ್ರೇಟ್ ಕೊಟ್ಟಾಗ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಕ್ಕರೆ ಬಿಟ್ಟು ಎರಡು ತಟ್ಟೆ ಅನ್ನ ಜಾಸ್ತಿ ಉಂಡರೆ ತೂಕ ಇಳಿಯುವುದಿಲ್ಲವಲ್ಲ! ಹಾಗಾಗಿ ಇಡೀ ದಿನದ ಊಟ ಬರೆದುಕೊಳ್ಳಿ. ಸಕ್ಕರೆ ಒಂದನ್ನೇ ನೋಡಿದರೆ ಸಾಲದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ: ಅಮೆರಿಕದಲ್ಲಿ ಸಂಶೋಧಕ ಕೆವಿನ್ ಹಾಲ್ ಅವರ ತಂಡ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟು, ಎರಡು ವಾರ ಪ್ಯಾಕೆಟ್ ಥರದ ಊಟ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿತು. ಮುಂದಿಟ್ಟ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಆದರೂ ಮೊದಲನೆಯದರಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕವೂ ಏರಿತು.

ನಿಮ್ಮ 80 ಜನರ ಮಾಹಿತಿ ಸುಮ್ನೆ ಹೋಗಿಲ್ಲ. ಅವರಿಗೇ ಇನ್ನೊಂದು ಸಲ ಫೋನ್ ಮಾಡಿ, ಈಗಾಗಲೇ ಸಕ್ಕರೆ ಬಿಟ್ಟವರನ್ನು ಬೇರೆ ಗುಂಪು ಮಾಡಿ, ಆಮೇಲೆ ಗೈಡ್ ಹತ್ತಿರ ಹೋಗಿ.