ಹಡಗು ನಿಂತ ಒಂದು ಹಗಲಿನಲ್ಲಿ ಬಾರ್ಬಡೋಸ್: ಟೂರ್ ಇಲ್ಲದೆ ನಾವಾಗಿಯೇ ಸುತ್ತಬಹುದೇ?

ಪ್ರಶ್ನೆ (ಮೈಸೂರಿನ ನಿವೃತ್ತ ಶಿಕ್ಷಕಿ):
ನಮಸ್ಕಾರ ಸರ್. ಮಗನ ಮನೆಗೆಂದು ಅಮೆರಿಕಕ್ಕೆ ಬಂದಿರುವ ನಾವಿಬ್ಬರೂ ಬರುವ ಜನವರಿಯಲ್ಲಿ ಫ್ಲಾರಿಡಾದಿಂದ ಕೆರಿಬಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ಹಡಗು ಬಾರ್ಬಡೋಸಿನ ಬ್ರಿಜ್‌ಟೌನ್‌ನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನಿಲ್ಲುತ್ತದೆ. ಹಡಗಿನವರೇ ನಡೆಸುವ ಟೂರ್‌ಗೆ ಸೇರುವುದು ಕ್ಷೇಮವೆಂದು ಮಗ ಹೇಳುತ್ತಾನೆ. ಆದರೆ ಗೈಡ್ ಹಿಡಿದ ಬಾವುಟದ ಹಿಂದೆ ನಲವತ್ತು ಜನರೊಂದಿಗೆ ಸಾಲಾಗಿ ನಡೆಯುವುದು ನಮ್ಮ ಯಜಮಾನರಿಗೆ ಒಗ್ಗುವುದಿಲ್ಲ. ಅವರು ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ನೋಡಲೇಬೇಕಂತೆ. ನನಗೆ ಸಮುದ್ರದ ನೀರಿನಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟು ಕುಳಿತರೆ ಸಾಕು. ನನಗೆ ಮಂಡಿನೋವಿದೆ, ಇಬ್ಬರೂ ಸಸ್ಯಾಹಾರಿಗಳು. ನಾವಾಗಿಯೇ ಸುತ್ತಿ ಬರಬಹುದೇ?

ಉತ್ತರ:
ನಮಸ್ಕಾರ ಮೇಡಂ. ಧಾರಾಳವಾಗಿ ಸುತ್ತಿ ಬರಬಹುದು. ಹನ್ನೊಂದು ವರ್ಷ ಕ್ರೂಸ್ ಹಡಗುಗಳಲ್ಲಿ ಇದೇ ಟೂರ್‌ಗಳ ಟಿಕೆಟ್ ಮಾರಿದವನು ನಾನು. ಆದರೂ ನಿಮ್ಮ ಬೇಡಿಕೆ ಇಷ್ಟೇ ಆಗಿದ್ದರೆ ಬ್ರಿಜ್‌ಟೌನ್‌ನಲ್ಲಿ ಟೂರ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ದ್ವೀಪ ಚಿಕ್ಕದು, ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಜನರ ಭಾಷೆ ಇಂಗ್ಲಿಷ್. ನಿಮಗೆ ಬೇಕಾದ ಎರಡೂ ಜಾಗಗಳು ಬಂದರಿನಿಂದ ಕೆಲವೇ ಕಿಲೋಮೀಟರ್ ಒಳಗಿವೆ.

ಮೊದಲು ಹೊತ್ತಿನ ಲೆಕ್ಕ ಹಾಕೋಣ. 8ರಿಂದ 5 ಎಂದರೆ ಒಂಬತ್ತು ಗಂಟೆ ಕೈಯಲ್ಲಿದೆ ಎಂದು ತಿಳಿಯಬೇಡಿ. ಹಡಗು ಕಟ್ಟಿ, ಅಧಿಕಾರಿಗಳ ಅನುಮತಿ ಸಿಕ್ಕಿ, ಲಿಫ್ಟಿನ ಸಾಲು ಕರಗಿ ನೀವು ನೆಲಕ್ಕೆ ಕಾಲಿಡುವಷ್ಟರಲ್ಲಿ ಒಂಬತ್ತರ ಹತ್ತಿರವಾಗಿರುತ್ತದೆ. ಸಂಜೆ ಎಲ್ಲರೂ ಹತ್ತಿರಬೇಕಾದ ಸಮಯ ಸಾಮಾನ್ಯವಾಗಿ ಹಡಗು ಹೊರಡುವುದಕ್ಕೆ ಅರ್ಧ ಗಂಟೆಯಾದರೂ ಮೊದಲೇ ಇರುತ್ತದೆ. ನಾನಾಗಿದ್ದರೆ 3.30ಕ್ಕೆ ಬಂದರಿನ ಗೇಟಿನೊಳಗೆ ಇರುತ್ತಿದ್ದೆ. ಹಾಗೆ ನೋಡಿದರೆ ನಿಮಗಿರುವುದು ಆರೂವರೆ ಗಂಟೆ.

ಆ ಆರೂವರೆ ಗಂಟೆಯನ್ನು ಬಳಸುವಾಗ ನನ್ನದು ಒಂದೇ ಹಟ: ದೂರದ್ದು ಮೊದಲು, ಹತ್ತಿರದ್ದು ಕೊನೆಗೆ. ಬಂದರು, ಓವಲ್ ಮೈದಾನ, ಪೇಟೆ, ಕಾರ್ಲೈಲ್ ಬೇ ಕಡಲತೀರ, ಅದರಾಚೆ ಗ್ಯಾರಿಸನ್ ಎಂಬ ಹಳೆಯ ಸೇನಾನೆಲೆ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಒಂದರ ಮುಂದೊಂದು ಸಿಗುತ್ತವೆ. ಆದ್ದರಿಂದ ಬಿಸಿಲೇರುವ ಮೊದಲೇ ಟ್ಯಾಕ್ಸಿಯಲ್ಲಿ ನೇರವಾಗಿ ಗ್ಯಾರಿಸನ್‌ಗೆ ಹೋಗಿ, ಅಲ್ಲಿಂದ ನಿಧಾನವಾಗಿ ಬಂದರಿನ ಕಡೆಗೆ ಮರಳುತ್ತಾ ಬನ್ನಿ. ಹೊತ್ತು ಸಾಲದೆ ಏನನ್ನಾದರೂ ಬಿಡಬೇಕಾಗಿ ಬಂದರೂ ಆ ವೇಳೆಗೆ ನೀವು ಹಡಗಿನ ಸಮೀಪದಲ್ಲೇ ಇರುತ್ತೀರಿ. ಓವಲ್ ಕೊನೆಗೆ ಬಂತೆಂದು ಯಜಮಾನರು ಬೇಸರಿಸಬಾರದು. ಅದು ಬಂದರಿಗೆ ಎಷ್ಟು ಹತ್ತಿರವೆಂದರೆ, ಅವರು ಮೈಮರೆತು ನಿಂತರೂ ಹಡಗು ತಪ್ಪುವ ಭಯವಿಲ್ಲ.

ಗ್ಯಾರಿಸನ್ ಮತ್ತು ಹಳೆಯ ಬ್ರಿಜ್‌ಟೌನ್ ಎರಡನ್ನೂ ಸೇರಿಸಿ ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡುವೆ ಕುದುರೆ ಓಟದ ವಿಶಾಲ ಬಯಲು, ಸುತ್ತಲೂ ಬ್ರಿಟಿಷ್ ಸೈನ್ಯದ ಕಟ್ಟಡಗಳು. ಅಂದಿನ ಸೇನಾ ಸೆರೆಮನೆಯೇ ಇಂದಿನ ಬಾರ್ಬಡೋಸ್ ಮ್ಯೂಸಿಯಂ. 1751ರಲ್ಲಿ ಅಣ್ಣನ ಜೊತೆ ಬಂದ ಹತ್ತೊಂಬತ್ತರ ಹರೆಯದ ಜಾರ್ಜ್ ವಾಷಿಂಗ್ಟನ್ ತಂಗಿದ್ದ ಮನೆಯೂ ಅಲ್ಲೇ ಇದೆ. ಅವರಿಗೆ ಸಿಡುಬು ತಗುಲಿದ್ದು ಈ ದ್ವೀಪದಲ್ಲೇ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದಾದರೆ ಮ್ಯೂಸಿಯಂ ನೋಡಿ. ಕಬ್ಬು ಮತ್ತು ಗುಲಾಮಗಿರಿ ಈ ದ್ವೀಪವನ್ನು ಏನು ಮಾಡಿದವೆಂಬುದು ಗೊತ್ತಾಗದೆ ಬರೀ ಮರಳು ನೋಡಿ ಬಂದರೆ ಊರು ಅರ್ಧ ನೋಡಿದಂತೆ.

ಅಲ್ಲಿಂದ ಕಾರ್ಲೈಲ್ ಬೇ ದಕ್ಷಿಣ ತುದಿಗೆ ಸ್ವಲ್ಪವೇ ದೂರ. ಪಶ್ಚಿಮಕ್ಕೆ ತೆರೆದ ಕೊಲ್ಲಿಯಾದ್ದರಿಂದ ಅಲೆಗಳು ಸೌಮ್ಯ, ಮರಳು ಮೆತ್ತಗೆ. ನಿಮ್ಮ ಮಂಡಿಗೆ ಹೇಳಿ ಮಾಡಿಸಿದ ಜಾಗ. ಬಾರ್ಬಡೋಸಿನಲ್ಲಿ ಕಡಲತೀರಗಳೆಲ್ಲವೂ ಸಾರ್ವಜನಿಕವಾದ್ದರಿಂದ ಪ್ರವೇಶ ಶುಲ್ಕವಿಲ್ಲ. ಕುರ್ಚಿ, ಕೊಡೆಗಳಿಗೆ ಮಾತ್ರ ಬಾಡಿಗೆ. ಹಸಿರು ಸೇಬಿನಂತಹ ಪುಟ್ಟ ಕಾಯಿ ಬಿಡುವ ಮ್ಯಾಂಚಿನೀಲ್ ಎಂಬ ಮರ ಈ ದ್ವೀಪದ ತೀರಗಳಲ್ಲಿ ಬೆಳೆಯುತ್ತದೆ. ಅದರ ಹಣ್ಣು ವಿಷ, ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮಳೆ ಬಂದಾಗ ಅದರಡಿಯಲ್ಲಿ ನಿಲ್ಲುವುದೂ ಅಪಾಯ. ಕೆಂಪು ಬಣ್ಣ ಬಳಿದ ಅಥವಾ ಎಚ್ಚರಿಕೆಯ ಫಲಕ ಹಾಕಿದ ಮರ ಕಂಡರೆ ನೆರಳಿನ ಆಸೆ ಬಿಡಿ.

ಇನ್ನು ಓವಲ್. 1997ರ ಟೆಸ್ಟ್‌ನಲ್ಲಿ ಗೆಲ್ಲಲು ಬರೀ 120 ರನ್ ಬೇಕಿದ್ದಾಗ ಭಾರತ 81ಕ್ಕೆ ಉರುಳಿದ್ದು ಇದೇ ಮೈದಾನದಲ್ಲಿ, ಮತ್ತು ಆ ತಂಡದಲ್ಲಿ ನಮ್ಮ ರಾಹುಲ್ ದ್ರಾವಿಡ್ ಇದ್ದರು. ಇಪ್ಪತ್ತೇಳು ವರ್ಷಗಳ ನಂತರ, 2024ರ ಜೂನ್ 29ರಂದು, ಅದೇ ಮೈದಾನದಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಎತ್ತಿದಾಗ ಅವರು ಕೋಚ್ ಆಗಿದ್ದರು. ಪಂದ್ಯವಿಲ್ಲದ ದಿನ ಗೇಟಿನಲ್ಲಿ ವಿನಯದಿಂದ ಕೇಳಿ ನೋಡಿ. ಒಳಗೆ ಬಿಡದಿದ್ದರೂ ಈ ದ್ವೀಪದ ಕ್ರಿಕೆಟ್ ದಿಗ್ಗಜ ಗ್ಯಾರಿ ಸೋಬರ್ಸ್ ಅವರ ಪ್ರತಿಮೆ ಹೊರಗೇ ಇದೆ.

ಊಟಕ್ಕೆ ಆಲೂಗಡ್ಡೆ-ಕಡಲೆ ತುಂಬಿದ ರೋಟಿ ಹುಡುಕಿ. ಟ್ರಿನಿಡಾಡ್, ಗಯಾನಾಗಳ ಭಾರತೀಯ ಮೂಲದವರಿಂದ ಕೆರಿಬಿಯನ್‌ಗೆಲ್ಲ ಹಬ್ಬಿದ ತಿನಿಸು ಅದು. ಅಂಗಡಿಯಲ್ಲಿ ‘ಚನ್ನಾ’ ಎಂದರೆ ಅರ್ಥವಾಗುತ್ತದೆ. ಮಾಂಸವಿಲ್ಲವೇ ಎಂದು ಮಾತ್ರ ಎರಡು ಸಲ ಕೇಳಿ.

ಪ್ರಶ್ನೆ (ಡಲ್ಲಾಸ್‌ನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್):
ಸರ್, ನಾವು ನಾಲ್ವರು ಗೆಳೆಯರು. ಪೇಟೆಗಿಂತ ಪೂರ್ವ ಕರಾವಳಿಯ ಬಾತ್‌ಶೀಬಾ ನೋಡುವಾಸೆ. ಬಾಡಿಗೆ ಕಾರು, ಬಸ್ಸು, ಟ್ಯಾಕ್ಸಿಗಳಲ್ಲಿ ಯಾವುದು ಒಳ್ಳೆಯದು?

ಉತ್ತರ:
ನಾಲ್ವರಿದ್ದರೆ ಟ್ಯಾಕ್ಸಿ. ಕಾರು ಓಡಿಸುವುದು ನಮ್ಮೂರಿನಂತೆ ಎಡಗಡೆಯೇ ಆದರೂ ಪ್ರವಾಸಿಗರು ಶುಲ್ಕ ಕೊಟ್ಟು ತಾತ್ಕಾಲಿಕ ಪರ್ಮಿಟ್ ಪಡೆಯಬೇಕು, ಒಳನಾಡಿನ ರಸ್ತೆಗಳು ಕಬ್ಬಿನ ಗದ್ದೆಗಳ ನಡುವೆ ಕಿರಿದಾಗಿ ಸುತ್ತುತ್ತವೆ. ಕಾರು ಪಡೆಯಲು ಮತ್ತು ಹಿಂದಿರುಗಿಸಲು ಹೋಗುವ ಹೊತ್ತನ್ನು ಒಂದು ಹಗಲಿನ ಭೇಟಿಯಲ್ಲಿ ಕಳೆದುಕೊಳ್ಳಬಾರದು.

ಟ್ಯಾಕ್ಸಿಗಳ ನಂಬರ್ ಪ್ಲೇಟು ಝೆಡ್ ಅಕ್ಷರದಿಂದ ಆರಂಭವಾಗುತ್ತದೆ. ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ, ಮಾತಾಡುವಾಗ ‘ಯಾವ ಡಾಲರ್?’ ಎಂದು ಕೇಳಿ. ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್ ಎಂಬುದು 1975ರಿಂದ ಸ್ಥಿರವಾಗಿರುವ ಲೆಕ್ಕ, ಎರಡೂ ಅಲ್ಲಿ ಚಲಾವಣೆಯಲ್ಲಿವೆ. ಈ ಒಂದು ಪ್ರಶ್ನೆ ಕೇಳದೆ ದುಪ್ಪಟ್ಟು ತೆತ್ತವರನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ, ಮತ್ತು ಪ್ರತಿ ಸಲವೂ ಅದು ಚಾಲಕನ ಮೋಸವಾಗಿರಲಿಲ್ಲ.

ಬಾತ್‌ಶೀಬಾಗೆ ಪೇಟೆಯ ಫೇರ್‌ಚೈಲ್ಡ್ ಸ್ಟ್ರೀಟ್ ನಿಲ್ದಾಣದಿಂದ ಬಸ್ಸಿದೆ, ಪ್ರಯಾಣ ಸುಮಾರು ಒಂದು ಗಂಟೆ. ಹೋಗುವಾಗ ಬಸ್ಸು, ಬರುವಾಗ ಟ್ಯಾಕ್ಸಿ ಎಂದುಕೊಂಡರೆ ಆ ಪುಟ್ಟ ಹಳ್ಳಿಯಲ್ಲಿ ಟ್ಯಾಕ್ಸಿ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಅದಕ್ಕಾಗಿ ಹೋಗಿಬರುವುದಕ್ಕೆ ಒಂದೇ ಗಾಡಿ ಮಾತಾಡಿ, ಕಾಯುವ ಹೊತ್ತನ್ನೂ ಸೇರಿಸಿ, ಹಣವನ್ನು ಹಿಂದಿರುಗಿದ ಮೇಲೆ ಕೊಡಿ. ಅಲ್ಲಿಯ ಬಂಡೆಗಳು, ಅಟ್ಲಾಂಟಿಕ್‌ನ ಬಿಳಿ ನೊರೆ ಕಣ್ಣಿಗೆ ಹಬ್ಬ. ಆದರೆ ಅದು ಸರ್ಫಿಂಗ್ ನಿಪುಣರ ಕಡಲು, ಈಜುವವರದ್ದಲ್ಲ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಕುಳಿತು ಬನ್ನಿ.

ನಿಮ್ಮದು ಎಚ್1ಬಿ ಎಂಬ ಅಮೆರಿಕದ ಉದ್ಯೋಗ ವೀಸಾ ಎಂದು ಭಾವಿಸಿ ಒಂದು ಮಾತು. ಪಾಸ್‌ಪೋರ್ಟಿನಲ್ಲಿರುವ ವೀಸಾ ಅವಧಿ ಮುಗಿದಿದ್ದರೆ ಈ ಕ್ರೂಸ್ ಬೇಡ. ಅವಧಿ ಮುಗಿದ ವೀಸಾದಲ್ಲೇ ಅಮೆರಿಕಕ್ಕೆ ಮರಳಲು ಕೆನಡಾ, ಮೆಕ್ಸಿಕೋಗಳಿಗೆ ಅಲ್ಪಾವಧಿಗೆ ಹೋಗಿ ಬರುವವರಿಗಿರುವ ವಿನಾಯಿತಿ ಕೆರಿಬಿಯನ್ ದ್ವೀಪಗಳ ಮಟ್ಟಿಗೆ ವಿದ್ಯಾರ್ಥಿ ಮತ್ತು ವಿನಿಮಯ ವೀಸಾದವರಿಗಷ್ಟೇ ಅನ್ವಯಿಸುತ್ತದೆ.

ಪ್ರಶ್ನೆ (ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಾಯಿ):
ಸಮಯ ತಪ್ಪಿದರೆ ಹಡಗು ನಿಜವಾಗಿಯೂ ಬಿಟ್ಟು ಹೋಗುತ್ತದೆಯೇ? ಮಕ್ಕಳೊಂದಿಗೆ ಹೋಗುವವರು ಬೇರೇನು ಗಮನಿಸಬೇಕು?

ಉತ್ತರ:
ಹೋಗುತ್ತದೆ ಮೇಡಂ. ಹಡಗಿನವರದೇ ಟೂರ್ ತಡವಾದರೆ ಕಾಯುತ್ತಾರೆ, ಟೂರ್‌ಗೆ ಕೊಡುವ ಹೆಚ್ಚಿನ ಹಣದಲ್ಲಿ ಈ ಭರವಸೆಯೂ ಸೇರಿದೆ; ಸ್ವಂತವಾಗಿ ಹೋದವರಿಗೆ ಕೆಲವು ನಿಮಿಷ ಕಾದು ಹಲಗೆ ಎತ್ತುತ್ತಾರೆ. ಆಮೇಲೆ ಬಂದರಿನಲ್ಲಿರುವ ಹಡಗಿನ ಏಜೆಂಟರನ್ನು ಕಂಡು, ಸ್ವಂತ ಖರ್ಚಿನಲ್ಲಿ ಮುಂದಿನ ದ್ವೀಪಕ್ಕೆ ವಿಮಾನದಲ್ಲಿ ಹೋಗಬೇಕು. ಭಾರತೀಯ ಪಾಸ್‌ಪೋರ್ಟಿನವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಹಡಗಿನಲ್ಲಿ ಬಂದು ಅದೇ ಹಡಗಿನಲ್ಲಿ ಹೊರಡುವವರಿಗೆ ವೀಸಾ ವಿಷಯದಲ್ಲಿ ತೋರುವ ಸಡಿಲಿಕೆಯನ್ನು ವಿಮಾನದಲ್ಲಿ ಇಳಿಯುವವರಿಗೂ ತೋರಬೇಕೆಂದಿಲ್ಲ. ಮುಂದಿನ ನಿಲುಗಡೆ ಮಾರ್ಟಿನಿಕ್ ದ್ವೀಪವಾಗಿದ್ದರೆ ಅದು ಫ್ರಾನ್ಸಿನ ಭಾಗ, ವೀಸಾ ಕೇಳುವುದೂ ಫ್ರಾನ್ಸೇ.

ಹಡಗು ತಪ್ಪಿಸಿಕೊಂಡವರಲ್ಲಿ ಸೋಮಾರಿಗಳು ಕಡಿಮೆ, ಗಡಿಯಾರ ನಂಬಿ ಕೆಟ್ಟವರು ಹೆಚ್ಚು. ಒಂದು ಬೇಸಿಗೆಯಲ್ಲಿ ಮೆಕ್ಸಿಕೋದ ಕೋಸುಮೆಲ್ ದ್ವೀಪದಲ್ಲಿ ಒಬ್ಬ ದಂಪತಿ ಐಸ್‌ಕ್ರೀಂ ತಿನ್ನುತ್ತಾ ಆರಾಮವಾಗಿ ನಡೆದು ಬಂದರು. ನಾವು ಆಗಲೇ ಹಗ್ಗ ಬಿಚ್ಚಿದ್ದೆವು. ಅವರ ಮೊಬೈಲ್ ದ್ವೀಪದ ಸಮಯ ತೋರಿಸುತ್ತಿತ್ತು, ಹಡಗು ಒಂದು ಗಂಟೆ ಮುಂದಿರುವ ಮಯಾಮಿಯ ಸಮಯದಲ್ಲಿ ನಡೆಯುತ್ತಿತ್ತು. ಚಳಿಗಾಲದ ಬಾರ್ಬಡೋಸಿನಲ್ಲಿ ಇದು ತಿರುಗುಮುರುಗು, ದ್ವೀಪವೇ ಮಯಾಮಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ದ್ವೀಪದ ಸಮಯಕ್ಕೆ ಬದಲಾಗುತ್ತವೆ, ಕೆಲವು ಬದಲಾಗುವುದಿಲ್ಲ. ಆದ್ದರಿಂದ ಇಳಿಯುವ ಮೊದಲು ಹಡಗಿನ ಸಮಯಕ್ಕೆ ಹೊಂದಿಸಿದ ಸಾದಾ ಕೈಗಡಿಯಾರ ಕಟ್ಟಿಕೊಳ್ಳಿ.

ಮಕ್ಕಳ ಬಟ್ಟೆಗಳಲ್ಲಿ ಸೈನಿಕರ ಸಮವಸ್ತ್ರದಂತಹ ಮಚ್ಚೆ ವಿನ್ಯಾಸದ ಟೋಪಿ, ಚಡ್ಡಿ, ಚೀಲಗಳಿದ್ದರೆ ಹಡಗಿನಲ್ಲೇ ಬಿಡಿ. ಬಾರ್ಬಡೋಸಿನಲ್ಲಿ ಸಾಮಾನ್ಯರು ಅದನ್ನು ಧರಿಸುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ವಿನಾಯಿತಿಯಿಲ್ಲ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು):
ಬಹಳ ಉಪಕಾರವಾಯಿತು ಸರ್. ಕೊನೆಯದೊಂದು. ಕಡಲತೀರದಿಂದ ಪೇಟೆಗೆ ಬಸ್ಸಿನಲ್ಲೇ ಬರಬೇಕೆಂದು ಯಜಮಾನರ ಹಟ. ರಸ್ತೆಯ ಯಾವ ಬದಿಯಲ್ಲಿ ನಿಲ್ಲಬೇಕು?

ಉತ್ತರ:
ನಿಲ್ದಾಣದ ಫಲಕದ ಮೇಲೆ ಬರೆದೇ ಇರುತ್ತದೆ ಮೇಡಂ. ‘ಟು ಸಿಟಿ’ ಎಂದಿದ್ದರೆ ಬಸ್ಸು ಪೇಟೆಯ ಕಡೆಗೆ, ‘ಔಟ್ ಆಫ್ ಸಿಟಿ’ ಎಂದಿದ್ದರೆ ಪೇಟೆಯಿಂದಾಚೆಗೆ. ನೀಲಿಯದು ಸರ್ಕಾರಿ ಬಸ್ಸು, ಟಿಕೆಟ್ 3.50 ಬಾರ್ಬಡೋಸ್ ಡಾಲರ್, ಚಿಲ್ಲರೆ ಕೊಡುವುದಿಲ್ಲ. ಹಳದಿ ಮಿನಿಬಸ್ಸು ಮತ್ತು ಝೆಡ್‌ಆರ್ ಎಂಬ ಬಿಳಿ ವ್ಯಾನುಗಳಲ್ಲಿ ಚಿಲ್ಲರೆ ಸಿಗುತ್ತದೆ, ಜೊತೆಗೆ ಕಿವಿ ತೂತಾಗುವಷ್ಟು ಸಂಗೀತವೂ. ವ್ಯಾನಿನಲ್ಲಿ ಜನರನ್ನು ಒತ್ತಿ ತುಂಬುತ್ತಾರೆ. ನಿಮ್ಮ ಮಂಡಿಯನ್ನು ನೆನೆದರೆ ನೀಲಿ ಬಸ್ಸಿಗೇ ಕೈ ಮಾಡಿ.