ಬಸುರಿಯಲ್ಲಿ ಹೊಗೆಸೊಪ್ಪು, ನೋವಿನ ಮಾತ್ರೆ: ಮಕ್ಕಳ ಡಾಕ್ಟರ ಉತ್ತರ

ಪ್ರಶ್ನೆ (ಸಾಗರದ ಕಡೆಯಿಂದ): ಮೇಡಂ, ನಮ್ಮ ಅತ್ತಿಗೆಗೆ ಏಳು ತಿಂಗಳು. ಮದುವೆಗೆ ಮುಂಚಿನಿಂದಲೂ ಹೊಗೆಸೊಪ್ಪು ಸೇರಿಸಿ ಕವಳ ಹಾಕ್ತಾರೆ. ವಾಕರಿಕೆ ನಿಲ್ಲುತ್ತೆ ಅಂತ ಅಜ್ಜಿಯೇ ಕೊಡ್ತಾರೆ. ಸ್ಕ್ಯಾನಿಂಗಲ್ಲಿ ಮಗು ಸಣ್ಣ ಇದೆ ಅಂದ್ರು. ಬೀಡಿ ಸೇದಲ್ವಲ್ಲ, ಇದರಿಂದಲೂ ತೊಂದ್ರೆನಾ?

ಉತ್ತರ: ತೊಂದರೆಯೇ. ಹೊಗೆ ಇಲ್ಲ ಅಷ್ಟೆ, ನಿಕೋಟಿನ್ ಇದ್ದೇ ಇದೆ. ಬಾಯಿಂದಲೇ ರಕ್ತಕ್ಕಿಳಿದು, ಮಾಸು ದಾಟಿ ಮಗುವಿಗೆ ಹೋಗುತ್ತದೆ. ರಕ್ತನಾಳ ಬಿಗಿದು ಮಗುವಿಗೆ ಸಿಗುವ ಪೋಷಣೆ ಕಡಿಮೆಯಾಗುತ್ತದೆ. 2.5 ಕೆ.ಜಿ.ಗಿಂತ ಕಡಿಮೆ ತೂಕ, 37 ವಾರಕ್ಕೆ ಮೊದಲೇ ಹೆರಿಗೆ, ಹೊಟ್ಟೆಯಲ್ಲೇ ಮಗು ಹೋಗುವುದು, ಇವೆಲ್ಲ ತಂಬಾಕು ಜಗಿಯುವವರಲ್ಲಿ ಹೆಚ್ಚು. ಅಷ್ಟು ಸಣ್ಣ ಮಗುವಿಗೆ ಮೈ ಬೆಚ್ಚಗೆ ಉಳಿಯಲ್ಲ, ಹಾಲು ಚೀಪಲು ಶಕ್ತಿ ಸಾಲಲ್ಲ. ನಮ್ಮ ಮಳೆಗಾಲದ ಥಂಡಿಯಲ್ಲಿ ಯೋಚನೆ ಮಾಡಿ.

ಹಾಗಂತ ಎಲ್ಲಾ ಕವಳದ ತಲೆಗೆ ಕಟ್ಟಬೇಡಿ. ರಕ್ತ ಕಮ್ಮಿ ಇದ್ದರೂ, ಬಿಪಿ ಇದ್ದರೂ ಮಗು ಸಣ್ಣಗಾಗುತ್ತದೆ, ಅದನ್ನೂ ತೋರಿಸಿ. ಏಳನೇ ತಿಂಗಳಲ್ಲಿ ಬಿಟ್ಟರೂ ಲಾಭವಿದೆ. ಬಿಡಲು ಕಷ್ಟವಾದರೆ ತಂಬಾಕು ಬಿಡಿಸುವ ಸಹಾಯವಾಣಿ 1800112356ಕ್ಕೆ ಕರೆ ಮಾಡಿಸಿ, ಉಚಿತ. ಅಜ್ಜಿಗೆ ನೀವೇ ಹೇಳಿ, ಅತ್ತಿಗೆಯಿಂದ ಹೇಳಿಸಬೇಡಿ.

ಪ್ರಶ್ನೆ (ತೀರ್ಥಹಳ್ಳಿ): ಬರೀ ಎಲೆ ಅಡಿಕೆ ಆದ್ರೆ ಪರವಾಗಿಲ್ವಾ ಡಾಕ್ಟ್ರೇ? ನಾವೇ ಬೆಳೆಯೋರು!

ಉತ್ತರ: ನಮ್ಮ ಮನೆಯಲ್ಲೂ ತೋಟವಿದೆ, ಬೈಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನೋ ಮತ್ತಿನ ಅಂಶ ಕೂಡ ಮಾಸು ದಾಟುತ್ತದೆ, ಹುಟ್ಟಿದ ಮಗುವಿನ ಮೊದಲ ಮಲದಲ್ಲೇ ಸಿಕ್ಕಿದೆ. ಬಸುರಿಯಲ್ಲಿ ಬೇಡ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ, ಆದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ಬೆರೆಸಿಕೊಳ್ಳುತ್ತಾರೆ. ಅದೂ ಅದೇ.

ಪ್ರಶ್ನೆ (ಹೆಸರು ಬೇಡ): ತಂಗಿಗೆ ಎಂಟು ತಿಂಗಳು. ಬೆನ್ನುನೋವಿಗೆ ಟ್ರಮಡಾಲ್ ಶುರು ಮಾಡಿದವಳು ಈಗ ದಿನಾ ನುಂಗ್ತಾಳೆ. ಇವತ್ತೇ ನಿಲ್ಲಿಸಿಬಿಡ್ಲಾ?

ಉತ್ತರ: ಏಕಾಏಕಿ ನಿಲ್ಲಿಸಬೇಡಿ! ಇದು ಅಫೀಮಿನ ಜಾತಿಯ, ಚಟ ಹಿಡಿಸುವ ನೋವಿನ ಮಾತ್ರೆ, ಇದಕ್ಕೆ ನಿಯಮ ತಂಬಾಕಿನ ಹಾಗಲ್ಲ. ಥಟ್ಟನೆ ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ. ಹೆರಿಗೆ ಡಾಕ್ಟರ ಹತ್ತಿರ ಈ ವಾರವೇ ಕರೆದೊಯ್ಯಿರಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತೆ ನವಜಾತ ಶಿಶು ಘಟಕ ಇರುವ ಕಡೆಯೇ ಹೆರಿಗೆ ಆಗಲಿ. ಹೊಟ್ಟೆಯಲ್ಲಿ ಸಿಗುತ್ತಿದ್ದ ಮಾತ್ರೆ ನಿಂತುಹೋಗುವುದರಿಂದ, ಹುಟ್ಟಿದ ಎರಡು ಮೂರು ದಿನದಲ್ಲಿ ಮಗು ನಡುಗುವುದು, ಕಿರುಚಿ ಅಳುವುದು, ಪದೇ ಪದೇ ಸೀನುವುದು, ವಾಂತಿ, ಭೇದಿ ಕಾಣಿಸಬಹುದು. ಮಂದ ಬೆಳಕು, ಬಟ್ಟೆಯಲ್ಲಿ ಸುತ್ತಿ ಎದೆಗಪ್ಪಿಕೊಳ್ಳುವುದು, ಸ್ವಲ್ಪ ಸ್ವಲ್ಪವೇ ಹಾಲು ಇಷ್ಟರಲ್ಲೇ ಎಷ್ಟೋ ಮಕ್ಕಳು ಸುಧಾರಿಸುತ್ತವೆ, ಕೆಲವಕ್ಕೆ ಔಷಧಿ ಬೇಕಾಗುತ್ತದೆ.

ಪ್ರಶ್ನೆ (ಅವರೇ): ಅವಳ ಅತ್ತೆ ಮನೆಯವರಿಗೆ ಗೊತ್ತಿಲ್ಲ. ಆಸ್ಪತ್ರೆಲಿ ಹೇಳಲೇಬೇಕಾ?

ಉತ್ತರ: ಅತ್ತೆಗೆ ಹೇಳಬೇಕಿಲ್ಲ, ನಮಗೆ ಹೇಳಬೇಕು. ಒಂಟಿಯಾಗಿ ಮಾತಾಡಬೇಕು ಅಂತ ಕೇಳಿ. ಮಗು ಸರಿಯಾಗಿ ಉಸಿರಾಡದಿದ್ದರೆ ಇಂಥ ಮಾತ್ರೆಯ ಪ್ರಭಾವ ಇಳಿಸುವ ನಾಲಾಕ್ಸೋನ್ ಅನ್ನೋ ಇಂಜೆಕ್ಷನ್ ನಮ್ಮ ಕೈಗೆ ಬರಬಹುದು. ತಾಯಿಗೆ ಇಂಥ ಮಾತ್ರೆಯ ಚಟವಿದ್ದರೆ ಅದರಿಂದ ಮಗುವಿಗೆ ಫಿಟ್ಸ್ ಬರುವ ಅಪಾಯವಿದೆ. ಗೊತ್ತಿದ್ದರೆ ಅದನ್ನು ಮುಟ್ಟದೆ ಮಾಸ್ಕಿನಿಂದ ಉಸಿರು ಕೊಡುತ್ತೇವೆ.