ಬ್ರಿಜ್‌ನಲ್ಲಿ ಪಾರ್ಟ್ನರ್ 1 ಸ್ಪೇಡ್ ಅಂದಾಗ ಕೈಯಲ್ಲಿ ನಾಲ್ಕು ಸ್ಪೇಡ್ ಇದ್ದರೆ ಏನು ಹೇಳ್ತೀರಿ?

ನಾನು, ನಮ್ಮ ಭಾವ ಬ್ರಿಜ್ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಮನೆಯಲ್ಲಿ ಇಪ್ಪತ್ತೆಂಟು ಆಡಿ ಬೆಳೆದವರು, ತುರುಫು ಅಂದ್ರೆ ಗೊತ್ತು. ಬಿಡ್ಡಿಂಗ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಹೋದ ಶನಿವಾರ ಭಾವ 1 ಸ್ಪೇಡ್ ಅಂದರು, ಅಂದ್ರೆ ಸ್ಪೇಡ್ ತುರುಫಾಗಿ 6ರ ಮೇಲೆ 1, ಒಟ್ಟು 7 ಟ್ರಿಕ್ (ಗೆದ್ದ ಸುತ್ತು). ನನ್ನ ಕೈ: ಸ್ಪೇಡ್ ರಾಜ, 9, 6, 3, ಹಾರ್ಟ್ ಎಕ್ಕ, 8, 5, 2, ಡೈಮಂಡ್ ರಾಜ, ರಾಣಿ, 7, 4, ಕ್ಲಬ್‌ನಲ್ಲಿ 5 ಅನ್ನೋ ಒಂದೇ ಎಲೆ. ಖುಷಿಯಲ್ಲಿ ಸೀದಾ 4 ಸ್ಪೇಡ್ ಅಂದೆ, ಭಾವ ಪಾಸ್. ಬಂದದ್ದು 12 ಟ್ರಿಕ್! ಇದೇ ಎಲೆಗಳನ್ನು ಆಡಿದ ಬೇರೆ ಟೇಬಲ್‌ನವರು 6 ಸ್ಪೇಡ್ ಹೇಳಿ ಸ್ಲ್ಯಾಮ್ (12 ಟ್ರಿಕ್‌ನ ಬಿಡ್) ಬೋನಸ್ ತಗೊಂಡರು. ಅನುಭವ ಇರೋರು ದಯವಿಟ್ಟು ಹೇಳಿ.
— ಮಲ್ಲೇಶ್ವರಂನಿಂದ

ಮೇಡಂ, ನಿಮ್ಮ ಕೈಗೆ ಸರಿಯಾದ ಬಿಡ್ 4 ಕ್ಲಬ್. ಇದಕ್ಕೆ ಸ್ಪ್ಲಿಂಟರ್ ಅಂತಾರೆ. "ನಾಲ್ಕು ಸ್ಪೇಡ್ ಇದೆ, ಗೇಮ್‌ಗೆ (ಬೋನಸ್ ಸಿಗೋ ಮಟ್ಟ, ಇಲ್ಲಿ 4 ಸ್ಪೇಡ್) ಬೇಕಾದಷ್ಟು ಪಾಯಿಂಟ್ (ಎಕ್ಕ 4, ರಾಜ 3, ರಾಣಿ 2, ಗುಲಾಮ 1) ಇದೆ, ಕ್ಲಬ್‌ನಲ್ಲಿ ಒಂದೇ ಎಲೆ ಅಥವಾ ಅದೂ ಇಲ್ಲ" ಅಂತ ಒಂದೇ ಬಿಡ್‌ನಲ್ಲಿ ಹೇಳಿದ ಹಾಗೆ. ಸೀದಾ 4 ಸ್ಪೇಡ್ ಅಂದ್ರೆ ತುರುಫು ಜಾಸ್ತಿ, ಪಾಯಿಂಟ್ ಕಮ್ಮಿ ಅಂತ ಬಹಳ ಜನ ಅರ್ಥ ಮಾಡ್ಕೋತಾರೆ. ಭಾವನವರು ಪಾಸ್ ಮಾಡಿದ್ದರಲ್ಲಿ ತಪ್ಪಿಲ್ಲ.

ಅವರ ಕೈ ಹೀಗಿತ್ತು ಅಂದ್ಕೊಳ್ಳಿ: ಸ್ಪೇಡ್ ಎಕ್ಕ, ರಾಣಿ, ಗುಲಾಮ, 7, 4, ಹಾರ್ಟ್ ರಾಜ, 6, ಡೈಮಂಡ್ ಎಕ್ಕ, 5, 3, ಕ್ಲಬ್ 8, 7, 2. ಇಬ್ಬರದ್ದೂ ಸೇರಿ 26 ಪಾಯಿಂಟ್ ಅಷ್ಟೇ. ಆದ್ರೂ ಒಂದು ಕ್ಲಬ್ ಬಿಟ್ಟುಕೊಟ್ಟು, ಉಳಿದ ಎರಡನ್ನು ನಿಮ್ಮ ತುರುಫಿನಲ್ಲಿ ಹೊಡೆದರೆ 2, ಅವರ ಸ್ಪೇಡ್ 5, ಹಾರ್ಟ್ 2, ಡೈಮಂಡ್ 3. ಹನ್ನೆರಡು! ಅದೇ 14 ಪಾಯಿಂಟ್‌ನಲ್ಲಿ 5 ಪಾಯಿಂಟ್ ಕ್ಲಬ್‌ನ ರಾಜ, ರಾಣಿಯಲ್ಲೇ ಇದ್ದಿದ್ದರೆ ನಿಮ್ಮ ಒಂಟಿ ಎಲೆ ಎದುರು ಆ ಪಾಯಿಂಟ್‌ಗೆ ಹೆಚ್ಚು ಬೆಲೆ ಇಲ್ಲ, 4 ಸ್ಪೇಡ್‌ಗೇ ನಿಲ್ಲಬೇಕು. ಈ ವ್ಯತ್ಯಾಸ ಅವರಿಗೆ ಕಾಣಲಿ ಅಂತಲೇ 4 ಕ್ಲಬ್ ಹೇಳೋದು. ಆಮೇಲೆ ಅವರು ಎಕ್ಕ ಎಷ್ಟಿದೆ ಅಂತ 4 ನೋ ಟ್ರಂಪ್ (ತುರುಫಿಲ್ಲದ ಆಟದ ಬಿಡ್, ಇಲ್ಲಿ ಬರೀ ಪ್ರಶ್ನೆ) ಹೇಳಿ ಕೇಳ್ತಾರೆ, ನೀವು 5 ಹಾರ್ಟ್ ಅಂತೀರಿ: ನಾಲ್ಕು ಎಕ್ಕ, ತುರುಫಿನ ರಾಜ, ಈ ಐದರಲ್ಲಿ ಎರಡಿದೆ, ತುರುಫಿನ ರಾಣಿ ಇಲ್ಲ. ಕಾಣೆಯಾದದ್ದು ಕ್ಲಬ್ ಎಕ್ಕ ಒಂದೇ. ಅವರು ಧೈರ್ಯವಾಗಿ 6 ಸ್ಪೇಡ್ ಅಂತಾರೆ.

ಒಂಟಿ ಎಲೆ ಇಲ್ಲದೆ 13 ಅಥವಾ ಹೆಚ್ಚು ಪಾಯಿಂಟ್ ಇದ್ದರೆ 2 ನೋ ಟ್ರಂಪ್ ಹೇಳಬೇಕು, ಇದಕ್ಕೆ ಜಾಕೋಬಿ ಅಂತಾರೆ, ಇದೂ ನಾಲ್ಕು ಸ್ಪೇಡ್ ಇದೆ ಅನ್ನೋ ಸಂಕೇತ. ಆಗ ಓಪನ್ ಮಾಡಿದವರೇ (ಮೊದಲು 1 ಸ್ಪೇಡ್ ಅಂದವರು) ತಮ್ಮ ಒಂಟಿ ಸೂಟನ್ನು 3ರ ಮಟ್ಟದಲ್ಲಿ ತೋರಿಸ್ತಾರೆ. ಒಮ್ಮೆ ನಾನು 16 ಪಾಯಿಂಟ್ ಇಟ್ಕೊಂಡು ಇದನ್ನು ಹೇಳಿದೆ. ಪಾರ್ಟ್ನರ್ ಮರೆತು ಪಾಸ್ ಅಂದ್ಬಿಟ್ಟರು. ಗೇಮ್ ಕೈ ತಪ್ಪಿತು, ಹೊಟ್ಟೆ ಉರೀತು. ಅವತ್ತಿಂದ ಆಟಕ್ಕೆ ಹೋಗುವಾಗ ಜಯನಗರದಿಂದ ಸಂಪಿಗೆ ರಸ್ತೆವರೆಗೆ ಮೆಟ್ರೋದಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕ್ಕೋತೀವಿ. ನೀವೂ ಮೊದಲು ಇವೆರಡನ್ನೇ ಗಟ್ಟಿ ಮಾಡ್ಕೊಳ್ಳಿ.
— ಜಯನಗರದಿಂದ

ಕೈ ಸಣ್ಣದಾದರೆ ನಾವು ಬರ್ಗನ್ ಅನ್ನೋ ಬಿಡ್ ಪದ್ಧತಿ ಆಡ್ತೀವಿ. ನಾಲ್ಕು ಎಲೆ ಬೆಂಬಲ ಇದ್ದು 7ರಿಂದ 10 ಪಾಯಿಂಟ್‌ಗೆ 3 ಕ್ಲಬ್, 10ರಿಂದ 12ಕ್ಕೆ 3 ಡೈಮಂಡ್, ಅದಕ್ಕೂ ಕಮ್ಮಿಯಾದರೆ 3 ಸ್ಪೇಡ್. ಸರಿಯಾಗಿ ಹತ್ತು ಪಾಯಿಂಟ್ ಬಂದಾಗ ಎಲೆ ನೋಡಿ ಎರಡರಲ್ಲಿ ಯಾವುದು ಅಂತ ತೀರ್ಮಾನ. ನಡುವೆ ಎದುರಾಳಿ ಡಬಲ್ (ನಮ್ಮ ಬಿಡ್‌ನ ಪಣ ಹೆಚ್ಚಿಸೋ ಮಾತು) ಅಂದರೆ 2 ನೋ ಟ್ರಂಪ್ ಜಾಕೋಬಿ ಅಲ್ಲ, 10 ಅಥವಾ ಹೆಚ್ಚು ಪಾಯಿಂಟ್‌ನ ಬೆಂಬಲ. ಇದನ್ನು ಪಾರ್ಟ್ನರ್ ಜೊತೆ ಮೊದಲೇ ಮಾತಾಡಿಕೊಳ್ಳಿ.
— ಬಸವನಗುಡಿಯಿಂದ

ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ: ನಾನು 4 ಕ್ಲಬ್ ಅಂದಮೇಲೆ ಭಾವ 4 ಸ್ಪೇಡ್ ಅಂದರೆ?
— ಮಲ್ಲೇಶ್ವರಂನಿಂದ

ಈ ಕೈಯಲ್ಲಿ ಪಾಸ್ ಮಾಡಿ ಮೇಡಂ. ನಿಮ್ಮ ಹತ್ರ ಇರೋದನ್ನೆಲ್ಲ ಆಗಲೇ ಹೇಳಿ ಆಗಿದೆ.
— ಜಯನಗರದಿಂದ